ಬೈಕಲಾ ನಿಲ್ದಾಣ: ಕೆಡವದೆ ಕಟ್ಟಿದ ಕೆಲಸದ ಬೆಲೆ

ಮುಂಬೈಯ ಹಳೆಯ ರೈಲು ನಿಲ್ದಾಣ ಎಂದರೆ ಎಲ್ಲರ ಬಾಯಲ್ಲೂ ಬರುವುದು ವಿ.ಟಿ., ಅಂದರೆ ವಿಕ್ಟೋರಿಯಾ ಟರ್ಮಿನಸ್. ಹೆಸರು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎಂದು ಬದಲಾಗಿದ್ದರೂ ಜನರ ಬಾಯಲ್ಲಿ ಅದು ಇನ್ನೂ ವಿ.ಟಿ.ಯೇ. ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸ ಮಾಡಿದ ಆ ಕಟ್ಟಡದ ಕೆಲಸ ಶುರುವಾದದ್ದು 1878ರಲ್ಲಿ. ಅಲ್ಲಿಂದ ಸ್ಲೋ ಲೋಕಲ್ ಹಿಡಿದು ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್ ದಾಟಿದರೆ ಬೈಕಲಾ ಸಿಗುತ್ತದೆ. ವಿ.ಟಿ.ಗೆ ಪಾಯ ತೋಡುವ ಎರಡು ದಶಕ ಮೊದಲೇ, 1857ರಲ್ಲಿ, ಬೈಕಲಾದ ಕಟ್ಟಡ ಎದ್ದು ನಿಂತಿತ್ತು. ಇವತ್ತಿಗೂ ಅದು ಯಾವ ಕೆಲಸಕ್ಕೆಂದು ಕಟ್ಟಿದ್ದರೋ ಅದೇ ಕೆಲಸ ಮಾಡುತ್ತಿದೆ. ಜನ ಅಲ್ಲಿ ಟಿಕೆಟ್ ತೆಗೆಯುತ್ತಾರೆ, ಮಳೆಗೆ ನಿಲ್ಲುತ್ತಾರೆ, ಗಾಡಿ ಹಿಡಿಯುತ್ತಾರೆ.

ಈ ನಿಲ್ದಾಣದ ಜೀರ್ಣೋದ್ಧಾರ 2019ರಲ್ಲಿ ಆರಂಭವಾಗಿ, ಕೋವಿಡ್ ದಿನಗಳನ್ನು ದಾಟಿ, 2022ರ ಏಪ್ರಿಲ್‌ನಲ್ಲಿ ಮುಗಿಯಿತು. ಅದೇ ವರ್ಷ ಯುನೆಸ್ಕೊದ ಏಷ್ಯಾ–ಪೆಸಿಫಿಕ್ ಸಾಂಸ್ಕೃತಿಕ ಪರಂಪರೆ ಸಂರಕ್ಷಣಾ ಪ್ರಶಸ್ತಿಗಳಲ್ಲಿ 'ಅವಾರ್ಡ್ ಆಫ್ ಮೆರಿಟ್' ಇದಕ್ಕೆ ಸಂದಿತು. ದೇಶದ ನೂರಾರು ನಿಲ್ದಾಣಗಳನ್ನು ಹೊಸದಾಗಿ ಕಟ್ಟಲು ಹೊರಟಿರುವ ಈ ಹೊತ್ತಿನಲ್ಲಿ ಬೈಕಲಾದ ಕೆಲಸವನ್ನು ಗಂಭೀರವಾಗಿ ಪರಿಶೀಲಿಸಬೇಕು. ಪ್ರಶಸ್ತಿ ಬಂತೆಂದು ಹೊಗಳಿ ಕೈತೊಳೆದುಕೊಂಡರೆ ಅದರಿಂದ ಕಲಿಯಬೇಕಾದದ್ದು ಕೈತಪ್ಪುತ್ತದೆ.

ಊರ ಹೊರಗಿನ ನಿಲ್ದಾಣ

ಭಾರತದ ರೈಲಿನ ಚರಿತ್ರೆಯಲ್ಲಿ ಬೈಕಲಾದ ಹೆಸರು ಮೊದಲ ಪ್ರಯಾಣಿಕ ರೈಲಿಗಿಂತಲೂ ಮೊದಲೇ ಬರುತ್ತದೆ. 1852ರ ಆರಂಭದಲ್ಲಿ, ಹಳಿ ಹಾಕುವ ಕೆಲಸಕ್ಕೆ ಗುತ್ತಿಗೆದಾರರು ತಂದ 'ಫಾಕ್‌ಲೆಂಡ್' ಎಂಬ ಉಗಿಬಂಡಿ ಓಡಾಡಿದ್ದು ಬೈಕಲಾದ ಬಯಲಿನ ಸುತ್ತಮುತ್ತ. ಆಗಿನ ಮುಂಬೈ ಗವರ್ನರ್ ಲಾರ್ಡ್ ಫಾಕ್‌ಲೆಂಡ್‌ನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಮರುವರ್ಷ, 1853ರ ಏಪ್ರಿಲ್ 16ರಂದು, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮೊದಲ ಪ್ರಯಾಣಿಕ ಗಾಡಿ ಬೋರಿಬಂದರಿನಿಂದ ಠಾಣೆಗೆ ಹೊರಟಿತು. ಹದಿನಾಲ್ಕು ಡಬ್ಬಿ, ಸುಮಾರು ನಾನೂರು ಅತಿಥಿಗಳು, 34 ಕಿಲೋಮೀಟರ್ ದಾರಿ. ಆ ದಾರಿಯಲ್ಲೇ ಬೈಕಲಾದಲ್ಲಿ ಮೊದಲು ಮರದ ನಿಲ್ದಾಣವೊಂದಿತ್ತು. ನಾಲ್ಕು ವರ್ಷಗಳಲ್ಲಿ ಅದರ ಜಾಗಕ್ಕೆ ಶಾಶ್ವತ ಕಟ್ಟಡ ಬಂತು. ಬೋರಿಬಂದರಿನ ಆ ಮೊದಲ ನಿಲ್ದಾಣ ಇವತ್ತು ಉಳಿದಿಲ್ಲ. ಚೆನ್ನೈನಲ್ಲಿ 1856ರ ರಾಯಪುರಂ ಕಟ್ಟಡ ಉಳಿದಿದೆ, ಮುಂಬೈಯಲ್ಲಿ ಬೈಕಲಾ ಉಳಿದಿದೆ. ದೇಶದ ರೈಲ್ವೆಯ ಮೊದಲ ದಶಕಕ್ಕೆ ಸಾಕ್ಷಿಯಾಗಿ ನಿಂತಿರುವ ನಿಲ್ದಾಣಗಳು ಬೆರಳೆಣಿಕೆಯಷ್ಟೇ.

ಬೈಕಲಾ ಆಗ ಕೋಟೆಯಿಂದ ದೂರದ ಹೊರವಲಯ. ಆಂಗ್ಲರು, ಸಿರಿವಂತ ಪಾರ್ಸಿಗಳು, ಬಗ್ದಾದಿ ಯೆಹೂದಿಗಳು ಗಾಳಿ ಬೆಳಕಿಗೆಂದು ಇಲ್ಲಿ ಬಂಗಲೆ ಕಟ್ಟಿಕೊಂಡಿದ್ದರು. ಡೇವಿಡ್ ಸಸೂನ್ ಕಟ್ಟಿಸಿದ ಮಾಗೆನ್ ಡೇವಿಡ್ ಸಿನಗಾಗ್, ರಾಣಿಬಾಗ್ ಉದ್ಯಾನ, ಅದರೊಳಗಿನ ವಸ್ತುಸಂಗ್ರಹಾಲಯ ಎಲ್ಲವೂ ಹುಟ್ಟಿಕೊಂಡದ್ದು ರೈಲು ಬಂದ ಎರಡು ದಶಕಗಳೊಳಗೆ. ಆಮೇಲೆ ಸುತ್ತಲೂ ಬಟ್ಟೆ ಗಿರಣಿಗಳು ಎದ್ದವು, ಚಾಳುಗಳು ತುಂಬಿದವು. ಬಂಗಲೆಯವರು ಮಲಬಾರ್ ಹಿಲ್ ಕಡೆ ನಡೆದರು, ಬೈಕಲಾ ದುಡಿಯುವವರ ಊರಾಯಿತು. 1982ರ ಗಿರಣಿ ಮುಷ್ಕರದ ನಂತರ ಭೋಂಗಾದ, ಅಂದರೆ ಗಿರಣಿ ಸೈರನ್ನಿನ, ಸದ್ದೂ ನಿಂತಿತು. ಊರು ಇಷ್ಟೆಲ್ಲ ಮಗ್ಗುಲು ಬದಲಿಸಿದರೂ ನಿಲ್ದಾಣ ಒಂದೇ ಕಡೆ ನಿಂತು ಎಲ್ಲರಿಗೂ ದಾರಿ ಬಿಟ್ಟಿದೆ. ಬಂಗಲೆಯ ಸಾಹುಕಾರ, ಪಾಳಿ ಮುಗಿಸಿದ ಗಿರಣಿಯಾಳು, ತರಕಾರಿ ಮಾರುಕಟ್ಟೆಯ ಹೊರೆಯಾಳು ಹಾದುಹೋದದ್ದು ಇದೇ ಬಾಗಿಲಿನಿಂದ. ಈ ಕಟ್ಟಡದ ಬೆಲೆ ಅದರ ವಯಸ್ಸಿನಲ್ಲಿರುವಷ್ಟೇ ಈ ಬಳಕೆಯಲ್ಲೂ ಇದೆ.

ತೆಗೆಯುವುದೇ ಕೆಲಸ

ನೂರೈವತ್ತು ವರ್ಷಗಳಲ್ಲಿ ಕಟ್ಟಡವನ್ನು ಯಾರೂ ಬೇಕೆಂದು ಕೆಡಿಸಲಿಲ್ಲ. ಆಯಾ ದಿನದ ಅಗತ್ಯಕ್ಕೆ ಒಂದೊಂದನ್ನೇ ಸೇರಿಸುತ್ತ ಹೋದರು. ವಿದ್ಯುತ್ ಬಂದಾಗ ಗೋಡೆಯ ಮೇಲೆ ವೈರು ಎಳೆದರು, ಧ್ವನಿವರ್ಧಕ ಬಂದಾಗ ಇನ್ನೊಂದಷ್ಟು, ಸಿಸಿ ಕ್ಯಾಮೆರಾ ಬಂದಾಗ ಮತ್ತೊಂದಷ್ಟು. ಕಲೆಯಾದ ಗೋಡೆಗೆ ಬಣ್ಣ, ಅದು ಎದ್ದಾಗ ಅದರ ಮೇಲೇ ಇನ್ನೊಂದು ಬಣ್ಣ. ಕಮಾನಿಗೆ ಅಡ್ಡವಾಗಿ ತಗಡು, ಕಿಟಕಿಗೆ ಅಡ್ಡವಾಗಿ ಫಲಕ. ಹೀಗೆ ಕೂಡುತ್ತ ಕೂಡುತ್ತ ಮೂಲ ಕಟ್ಟಡ ಕಣ್ಣಿಗೇ ಬೀಳದಾಯಿತು.

ಸಂರಕ್ಷಣಾ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ತಂಡ ಮಾಡಿದ ಮುಖ್ಯ ಕೆಲಸ ಈ ಹೇರಿಕೆಯನ್ನು ಇಳಿಸಿದ್ದು. ಶೈನಾ ಎನ್.ಸಿ. ಅವರ 'ಐ ಲವ್ ಮುಂಬೈ' ಸಂಸ್ಥೆ ಯೋಜನೆಯನ್ನು ಕೈಗೆತ್ತಿಕೊಂಡಿತು. ಬಜಾಜ್ ಸಮೂಹದ ಟ್ರಸ್ಟ್‌ಗಳು ಹಣ ಕೊಟ್ಟವು, ಮಧ್ಯ ರೈಲ್ವೆ ಒಪ್ಪಿಗೆ ಕೊಟ್ಟು ಜೊತೆಗೆ ನಿಂತಿತು. ಜೋತಾಡುತ್ತಿದ್ದ ವೈರುಗಳಿಗೆ ಹಾದಿ ಮಾಡಿದರು, ಬಣ್ಣದ ಪದರಗಳನ್ನು ಕೆರೆದು ತೆಗೆದರು, ಮರದ ಕಿಟಕಿ ಬಾಗಿಲುಗಳನ್ನು ದುರಸ್ತಿ ಮಾಡಿದರು, ಎರಕದ ಕಬ್ಬಿಣದ ಕಂಬ, ಬ್ರಾಕೆಟ್, ಜಾಲರಿಗಳನ್ನು ಮೊದಲಿನ ರೂಪಕ್ಕೆ ತಂದರು. ಹೊಸದೇನನ್ನಾದರೂ ಸೇರಿಸಿ ಹೆಸರು ಮಾಡುವ ಆಸೆ ಈ ಕೆಲಸದಲ್ಲಿ ಎಲ್ಲೂ ಕಾಣುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದರ ಮೊದಲ ಗುಣ ಇದೇ.

ಬಣ್ಣ ಕೆರೆಯುವುದು ಅಂದಕ್ಕಾಗಿ ಮಾಡುವ ಕೆಲಸವೆಂದು ಕಾಣಬಹುದು. ಹಾಗಲ್ಲ. ಆ ಕಾಲದ ಕಟ್ಟಡಗಳ ಕಲ್ಲು ಮತ್ತು ಸುಣ್ಣದ ಗಾರೆ ಮಳೆಗಾಲದಲ್ಲಿ ನೀರು ಹೀರುತ್ತವೆ, ಬಿಸಿಲು ಬಿದ್ದಾಗ ಆ ತೇವವನ್ನು ಹೊರಗೆ ಬಿಡುತ್ತವೆ. ಅದರ ಮೇಲೆ ಆಯಿಲ್ ಪೇಂಟನ್ನೋ ಪ್ಲಾಸ್ಟಿಕ್ ಪೇಂಟನ್ನೋ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಗಾರೆ ಹಿಟ್ಟಾಗಿ ಉದುರುತ್ತದೆ, ಕಲ್ಲಿನ ಮೈ ಚಕ್ಕೆ ಏಳುತ್ತದೆ. ಆಗ ಬಿರುಕಿಗೆ ಸಿಮೆಂಟ್ ಮೆತ್ತುತ್ತಾರೆ. ಸಿಮೆಂಟ್ ಸುಣ್ಣಕ್ಕಿಂತ ಗಡುಸು, ನೀರನ್ನು ಸುಲಭವಾಗಿ ಬಿಡುವುದಿಲ್ಲ, ಆದ್ದರಿಂದ ಪಕ್ಕದ ಕಲ್ಲು ಇನ್ನಷ್ಟು ಬೇಗ ಸವೆಯುತ್ತದೆ. ಕೊನೆಗೆ ಒಬ್ಬ ಎಂಜಿನಿಯರ್ ಬಂದು 'ಕಟ್ಟಡ ಹಳತಾಗಿದೆ, ಕೆಡವಿ' ಎಂದು ಬರೆಯುತ್ತಾರೆ. ಎಷ್ಟೋ ಊರುಗಳಲ್ಲಿ ಕಟ್ಟಡವನ್ನು ಕೊಂದದ್ದು ವಯಸ್ಸಲ್ಲ, ಇಂಥ ದುರಸ್ತಿ.

ಕಬ್ಬಿಣದ ಕಥೆಯೂ ಹೀಗೆಯೇ. ಅಚ್ಚಿನಲ್ಲಿ ಎರಕ ಹೊಯ್ದ ಬ್ರಾಕೆಟ್ಟಿನಲ್ಲಿ ಎಲೆಯ ಅಂಚು, ಸುರುಳಿಯ ತಿರುವು ಎಲ್ಲ ಚೂಪಾಗಿ ಮೂಡಿರುತ್ತವೆ. ಹತ್ತಾರು ವರ್ಷ ಪ್ರತಿ ಸಲದ ತಪಾಸಣೆಗೂ ಮುನ್ನ ಒಂದೊಂದು ಕೋಟ್ ಬಣ್ಣ ಬಿದ್ದರೆ ಆ ಸಂದುಗಳೆಲ್ಲ ತುಂಬಿ ಕುಸುರಿ ಮೊಂಡಾಗುತ್ತದೆ. ದಪ್ಪ ಬಣ್ಣದ ಅಡಿಯಲ್ಲಿ ತುಕ್ಕು ಹಿಡಿದರೂ ಗೊತ್ತಾಗುವುದಿಲ್ಲ. ಪದರ ತೆಗೆದಾಗ ಕುಸುರಿಯೂ ಕಾಣುತ್ತದೆ, ಕಂಬ ಗಟ್ಟಿಯಿದೆಯೋ ಇಲ್ಲವೋ ಎಂಬುದೂ ಕಾಣುತ್ತದೆ. ಅಂದವನ್ನೂ ಭದ್ರತೆಯನ್ನೂ ಬೇರೆ ಬೇರೆಯಾಗಿ ನೋಡಬೇಕಿಲ್ಲ ಎಂಬುದನ್ನು ಇಷ್ಟು ಸರಳವಾಗಿ ತೋರಿಸುವ ಇನ್ನೊಂದು ಕೆಲಸ ನಾನು ಕಾಣೆ.

ಎರಡನೆಯ ಗುಣ, ನಿಲ್ದಾಣವನ್ನು ಮ್ಯೂಸಿಯಂ ಮಾಡಲಿಲ್ಲ. ರಾಣಿಬಾಗಿನ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವೂ ಹೀಗೆ ಜೀರ್ಣೋದ್ಧಾರಗೊಂಡು 2005ರಲ್ಲಿ ಯುನೆಸ್ಕೊ ಪ್ರಶಸ್ತಿ ಪಡೆದಿತ್ತು. ಆದರೆ ವಸ್ತುಸಂಗ್ರಹಾಲಯಕ್ಕೆ ಬೀಗ ಹಾಕಿ ಕೆಲಸ ಮಾಡಬಹುದು. ಲೋಕಲ್ ನಿಲ್ದಾಣದ ಬಾಗಿಲು ಮುಚ್ಚುವಂತಿಲ್ಲ. ಬೈಕಲಾ ಎಂಬ ಒಂದೇ ಬಡಾವಣೆಯಲ್ಲಿ ನಡೆದ ಈ ಎರಡು ಕೆಲಸಗಳಲ್ಲಿ ಎರಡನೆಯದು ಹೆಚ್ಚು ಕಷ್ಟದ್ದು. ಚಲಾವಣೆಯಲ್ಲಿರುವ ಸಾರ್ವಜನಿಕ ಕಟ್ಟಡವನ್ನೂ ಹೀಗೆ ಉಳಿಸಬಹುದೆಂದು ಅದು ತೋರಿಸಿಕೊಟ್ಟಿತು.

ಎಲ್ಲಿ ಸಾಲದು

ಇಷ್ಟು ಮೆಚ್ಚಿದ ಮೇಲೆ ಕೊರತೆಯನ್ನೂ ಹೇಳಬೇಕು. ಲೋಕಲ್ ನಿಲ್ದಾಣವೆಂದರೆ ಟಿಕೆಟ್ ಕಚೇರಿಯ ಕಟ್ಟಡವಷ್ಟೇ ಅಲ್ಲ. ಪ್ಲಾಟ್‌ಫಾರ್ಮ್, ಅದರ ಎತ್ತರ, ಮೆಟ್ಟಿಲ ಅಗಲ, ಮೇಲ್ಸೇತುವೆ, ಹೊರಗಿನ ರಸ್ತೆ ಎಲ್ಲ ಸೇರಿ ನಿಲ್ದಾಣ. ಬೈಕಲಾದ ಜೀರ್ಣೋದ್ಧಾರ ಹಳೆಯ ಕಟ್ಟಡದ ಗೆರೆಯೊಳಗೆ ನಿಂತಿತು. ಪ್ರಯಾಣಿಕನ ಜೀವಕ್ಕೆ ಅಪಾಯವಿರುವುದು ಆ ಗೆರೆಯ ಹೊರಗೆ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಇದೇ ಗಿರಣಿ ಪ್ರದೇಶದ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದಲ್ಲಿ, ಮಳೆಗೆ ಜನ ಇಕ್ಕಟ್ಟಾದ ಮೇಲ್ಸೇತುವೆಯ ಮೇಲೆ ಒತ್ತಾಗಿ ನಿಂತಾಗ ಕಾಲ್ತುಳಿತವಾಗಿ 23 ಮಂದಿ ಸತ್ತರು. ಮುಂಬೈಯ ಲೋಕಲ್ ಹಳಿಗಳ ಮೇಲೆ ಇಂದಿಗೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಈ ಸಾವುಗಳನ್ನು ಬದಿಗಿಟ್ಟು ಲೋಕಲ್ ನಿಲ್ದಾಣದ ಸೌಂದರ್ಯವನ್ನು ಅಳೆಯಲು ಬರುವುದಿಲ್ಲ.

ದಾನಿಗಳೂ ವಾಸ್ತುಶಿಲ್ಪಿಯೂ ಪ್ಲಾಟ್‌ಫಾರ್ಮ್ ಎತ್ತರಿಸಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಅದು ರೈಲ್ವೆಯ ಹೊಣೆ. ಆದರೆ ಎರಡು ಕೆಲಸಗಳಿಗೂ ಒಂದೇ ನಕ್ಷೆ ಇರಬೇಕು. ಇಲ್ಲವಾದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ರೈಲಿನ ಬಾಗಿಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಕಂದಕ ತುಂಬಲು ಪ್ಲಾಟ್‌ಫಾರ್ಮ್ ಎತ್ತರಿಸುತ್ತಾರೆ, ಅದು ಆಗಲೇಬೇಕು. ಆಗ ಹಳೆಯ ಕಂಬದ ಬುಡ ಕಾಂಕ್ರೀಟಿನಲ್ಲಿ ಹೂತು, ನೀರು ನಿಂತು ತುಕ್ಕು ಹಿಡಿಯಬಹುದು. ಹೊಸ ಮೇಲ್ಸೇತುವೆಯ ಮೆಟ್ಟಿಲು ಕಮಾನಿನ ಎದುರಿಗೇ ಬಂದು ಇಳಿಯಬಹುದು. ಮೊದಲೇ ಕೂತು ಮಾತಾಡಿದರೆ ಇವೆರಡನ್ನೂ ತಪ್ಪಿಸುವುದು ಕಷ್ಟವಲ್ಲ.

ಇನ್ನೊಂದು ಕೊರತೆ ಹಣದ ದಾರಿಯಲ್ಲಿದೆ. ದಾನಿ ಸಿಕ್ಕಿದ, ಆಸಕ್ತ ನಾಗರಿಕರಿದ್ದ ನಿಲ್ದಾಣ ಉಳಿಯಿತು. ಸಿಗದ ನಿಲ್ದಾಣದ ಗತಿಯೇನು? ಒಬ್ಬರ ಔದಾರ್ಯದಿಂದ ಒಂದು ಒಳ್ಳೆಯ ಕೆಲಸವಾಗಬಹುದು. ನಾಳೆ ಹೊಸ ಕೇಬಲ್ ಎಳೆಯಲು ಬರುವ ಗುತ್ತಿಗೆದಾರನಿಗೆ 'ಈ ಗೋಡೆಗೆ ಮೊಳೆ ಹೊಡೆಯಬೇಡ' ಎಂದು ಹೇಳಲು ಬೇಕಾದದ್ದು ಇಲಾಖೆಯ ನಿಯಮ, ಅದನ್ನು ಬಲ್ಲ ಮೇಸ್ತ್ರಿ, ವರ್ಷವರ್ಷದ ನಿರ್ವಹಣೆಯ ಹಣ. ಮನೆಗೆ ಸುಣ್ಣ ಬಳಿಸಿದ ಮೇಲೆ ಮಾಡಿನ ಸೋರು ಕಟ್ಟದಿದ್ದರೆ ಮುಂದಿನ ಮಳೆಗಾಲಕ್ಕೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿದೆ.

ನಮ್ಮ ನಿಲ್ದಾಣಗಳ ಸರದಿ

ಈ ವಿಮರ್ಶೆ ಕನ್ನಡದಲ್ಲಿ ಬೇಕಾಗಿರುವುದಕ್ಕೆ ಕಾರಣವಿದೆ. ಅಮೃತ್ ಭಾರತ್ ಯೋಜನೆಯಡಿ ದೇಶದ ಸಾವಿರಕ್ಕೂ ಹೆಚ್ಚು ನಿಲ್ದಾಣಗಳು ಹೊಸ ರೂಪ ಪಡೆಯುತ್ತಿವೆ. 2025ರ ಮೇ 22ರಂದು ಉದ್ಘಾಟನೆಯಾದ 103 ನಿಲ್ದಾಣಗಳಲ್ಲಿ ಬೈಕಲಾದ ಪಕ್ಕದ ಚಿಂಚ್‌ಪೋಕ್ಲಿಯೂ ಇತ್ತು, ನಮ್ಮ ಧಾರವಾಡ, ಗದಗ, ಬಾಗಲಕೋಟೆ, ಮುನಿರಾಬಾದ್, ಗೋಕಾಕ್ ರೋಡ್‌ಗಳೂ ಇದ್ದವು. ಲಿಫ್ಟ್, ಒಳ್ಳೆಯ ಶೌಚಾಲಯ, ಅಗಲ ಸೇತುವೆ ಬಂದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಊರಿನ ಗುರುತು ತೋರಿಸಬೇಕೆಂದು ಮುಂಭಾಗಕ್ಕೆ ಹೊಸ ಅಲಂಕಾರ ಹಚ್ಚುವ ಮೊದಲು, ಊರು ನೂರು ವರ್ಷ ಬಳಸಿದ ಕಲ್ಲಿನ ಕಟ್ಟಡ ಹಿಂದೆಯೇ ಇದೆಯೇ ಎಂದು ನೋಡಬೇಕು. ಅದಕ್ಕಿಂತ ದೊಡ್ಡ ಗುರುತು ಬೇರೆ ಸಿಗುವುದಿಲ್ಲ.

ಬೆಂಗಳೂರಿಗೆ 1864ರಲ್ಲಿ ಜೋಲಾರಪೇಟೆಯಿಂದ ಮೊದಲ ರೈಲು ಬಂದು ನಿಂತದ್ದು ಕಂಟೋನ್ಮೆಂಟ್‌ನಲ್ಲಿ. 2022ರ ಜೂನ್‌ನಲ್ಲಿ ಅದರ ಮರುನಿರ್ಮಾಣಕ್ಕೆ ಶಂಕುಸ್ಥಾಪನೆಯಾದಾಗ ಹೇಳಿದ ಅಂದಾಜು ಸುಮಾರು 500 ಕೋಟಿ ರೂಪಾಯಿ. ಅದೇ ದಿನ 148 ಕಿಲೋಮೀಟರ್ ಉಪನಗರ ರೈಲು ಯೋಜನೆಗೂ ಅಡಿಗಲ್ಲು ಇಟ್ಟರು. ಆ ಜಾಲ ಬೆಳೆದಂತೆ ಹಳೆಯ ಹಳಿಯ ಪಕ್ಕದ ಪುಟ್ಟ ನಿಲ್ದಾಣಗಳ ಭವಿಷ್ಯವೂ ನಿರ್ಧಾರವಾಗಲಿದೆ. ಯಲಹಂಕ–ಚಿಕ್ಕಬಳ್ಳಾಪುರ ದಾರಿಯಲ್ಲಿ 1915ರ ಲೈಟ್ ರೈಲ್ವೆ ಕಾಲದ ದೊಡ್ಡಜಾಲ, ದೇವನಹಳ್ಳಿ, ನಂದಿ ಹಾಲ್ಟ್‌ನಂಥ ಕಟ್ಟಡಗಳಿವೆ. ಅವುಗಳನ್ನು ಉಳಿಸುವ ಕೆಲಸಕ್ಕೆ ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್ ಕೈಹಾಕಿರುವುದು ಸರಿಯಾದ ಹೆಜ್ಜೆ.

ಬೈಕಲಾದ ಕೆಲಸಕ್ಕೆ ನನ್ನ ಅಂಕ ಇಷ್ಟು: ಕಟ್ಟಡದ ಮಟ್ಟಿಗೆ ಅದು ಮಾದರಿ, ನಿಲ್ದಾಣದ ಮಟ್ಟಿಗೆ ಅರ್ಧ ದಾರಿ. ಉಳಿದರ್ಧ ದಾರಿಯನ್ನು ರೈಲ್ವೆ ಇಲಾಖೆ ನಡೆಯಬೇಕು. ಯಾವ ಹಳೆಯ ನಿಲ್ದಾಣಕ್ಕೇ ಆಗಲಿ ಟೆಂಡರ್ ಕರೆಯುವ ಮೊದಲು ಸುಣ್ಣ, ಕಲ್ಲು, ಎರಕದ ಕಬ್ಬಿಣ ಬಲ್ಲವರಿಂದ ಪರೀಕ್ಷೆ ಮಾಡಿಸಲಿ, ಏನು ಉಳಿಯುತ್ತದೆ ಏನು ಹೋಗುತ್ತದೆ ಎಂಬ ನಕ್ಷೆಯನ್ನು ಟಿಕೆಟ್ ಕಚೇರಿಯ ಗೋಡೆಗೆ ಹಚ್ಚಿ ಪ್ರಯಾಣಿಕರ ಮುಂದಿಡಲಿ. ನಿಮ್ಮ ಊರಿನ ನಿಲ್ದಾಣದ ಸರದಿ ಬಂದಾಗ ನೀವೂ ಆ ನಕ್ಷೆಯನ್ನು ಕೇಳಿ ಪಡೆಯಿರಿ. ಕೆಡವಿದ ಮೇಲೆ ಕೇಳಿ ಪ್ರಯೋಜನವಿಲ್ಲ.