ವಿಲಾಂದ್ರಿಯ ಉದ್ಯಾನ: ರಸಿಕರಿಗೊಂದು ಕೈಪಿಡಿ

ಫ್ರಾನ್ಸಿನ ಲ್ವಾರ್ ಕಣಿವೆಯ ಅರಮನೆಗಳನ್ನು ಒಂದಾದಮೇಲೊಂದರಂತೆ ನೋಡುತ್ತ, ಕಂಬ, ಕಮಾನು, ಮೆಟ್ಟಲುಗಳನ್ನು ಕೊಂಡಾಡುವುದಕ್ಕೆ ಕಣ್ಣನ್ನು ಪಳಗಿಸಿಕೊಂಡ ಪ್ರವಾಸಿಕನು, ತೂರ್ ಪಟ್ಟಣದ ಪಶ್ಚಿಮಕ್ಕಿರುವ ವಿಲಾಂದ್ರಿಯನ್ನು ಪ್ರವೇಶಿಸುವಾಗ ಆ ಅಭ್ಯಾಸವನ್ನು ಹೊರಬಾಗಿಲಲ್ಲೇ ಬಿಡುವುದು ಲೇಸು. ಮೊದಲನೆಯ ಫ್ರಾನ್ಸ್ವಾ ದೊರೆಯ ಹಣಕಾಸಿನ ಅಧಿಕಾರಿಯಾಗಿದ್ದ ಝಾಂ ಲ ಬ್ರೆತೋಂ 1530ರ ದಶಕದಲ್ಲಿ ಕಟ್ಟಿಸಿದ ಈ ಸೌಧವು ಸುಂದರವಾದುದೇ. ಆತ ಕೆಡಹಿಸಿದ ಹಳೆಯ ದುರ್ಗದ ಬುರುಜೊಂದು ಇನ್ನೂ ಅದರ ಮೂಲೆಯಲ್ಲಿ ನಿಂತಿದೆ. ಆದರೂ ಇಲ್ಲಿ ನೋಡತಕ್ಕದ್ದು ತೋಟ.

ಆ ತೋಟವನ್ನು ಮೊದಲು ಮೇಲಿನಿಂದ ನೋಡಬೇಕು. ಪುನರುಜ್ಜೀವನ ಕಾಲದ ಉದ್ಯಾನವು ಸೌಧದ ಕಿಟಕಿಗಳಿಗೂ ಎತ್ತರದ ಜಗಲಿಗಳಿಗೂ ಅಭಿಮುಖವಾಗಿ ನೆಲದ ಮೇಲೆ ಬರೆದ ಚಿತ್ರವಾದುದರಿಂದ, ಒಳಗೆ ನಡೆಯುವವನಿಗೆ ಬಿಡಿಬಿಡಿಯಾಗಿ ತೋರುವ ಬಾಕ್ಸ್ ಗಿಡದ ಬೇಲಿಗಳು ಎತ್ತರದಲ್ಲಿ ನಿಂತವನಿಗೆ ಮಾತ್ರ ಒಂದೇ ಆಕೃತಿಯಾಗಿ ಕೂಡಿಕೊಳ್ಳುತ್ತವೆ. ಪ್ರೇಮದ ಉದ್ಯಾನವೆಂಬ ಭಾಗದಲ್ಲಿ ಕೋಮಲ, ಉತ್ಕಟ, ಚಂಚಲ, ದುರಂತ ಎಂಬ ನಾಲ್ಕು ಬಗೆಯ ಪ್ರೇಮಗಳನ್ನು ಹೃದಯ, ಬೀಸಣಿಗೆ, ಕಠಾರಿ ಮೊದಲಾದ ರೂಪಗಳಿಂದ ಸೂಚಿಸಿದ್ದಾರೆ. ಈ ಸಂಕೇತಗಳ ಅರ್ಥವನ್ನು ಮಾರ್ಗದರ್ಶಿಯ ಬಾಯಿಂದ ಕೇಳಿ ಸಂತೋಷಪಡುವವರಿದ್ದಾರೆ. ನನಗಾದರೋ ರೇಖೆಗಳ ಲಯವೇ ಸಾಕಾಯಿತು, ಕಥೆ ಬೇಕಾಗಲಿಲ್ಲ.

ರಸಿಕನ ನಿಜವಾದ ಪರೀಕ್ಷೆ ನಡೆಯುವುದು ತರಕಾರಿ ತೋಟದಲ್ಲಿ. ಸಮಾನ ವಿಸ್ತಾರದ ಒಂಬತ್ತು ಚೌಕಗಳು. ಒಂದೊಂದಕ್ಕೂ ಬೇರೆ ಬೇರೆ ವಿನ್ಯಾಸ. ಅಡುಗೆಮನೆಯ ಪದಾರ್ಥವೆಂದು ಮಾತ್ರ ನಾವು ಬಲ್ಲ ಎಲೆಕೋಸು, ಬೀಟ್‌ರೂಟು, ಗಜ್ಜರಿಗಳು ಇಲ್ಲಿ ನೇರಿಳೆ, ಕೆಂಪು, ಎಳೆಹಸಿರಿನ ವರ್ಣಗಳಾಗಿ, ನೀಲಿಯ ಛಾಯೆಯುಳ್ಳ ಲೀಕಿನ ಪಕ್ಕದಲ್ಲಿ ಸಾಲುಗೊಂಡು ನಿಲ್ಲುತ್ತವೆ. ಆದರೆ ಬಟ್ಟೆಯ ಮೇಲಣ ವರ್ಣದಂತೆ ಇವು ಹಚ್ಚಿದಲ್ಲಿ ಹಚ್ಚಿದಂತೆ ಇರತಕ್ಕವಲ್ಲ: ಬೆಳೆಯುತ್ತವೆ, ಬಲಿಯುತ್ತವೆ, ಕೊಯ್ಲಿಗೆ ಬರುತ್ತವೆ, ಒಂದೇ ಜಾತಿಯ ಬೆಳೆಯಿಂದ ಮಣ್ಣು ಸೊರಗದಂತೆ ಪಾತಿಗಳನ್ನು ಬದಲಾಯಿಸುತ್ತಲೂ ಇರಬೇಕು. ಆದುದರಿಂದ ವರ್ಷಕ್ಕೆರಡು ಬಾರಿ, ವಸಂತಕ್ಕೊಮ್ಮೆ ಬೇಸಗೆಗೊಮ್ಮೆ, ಇಡೀ ಚಿತ್ರವನ್ನು ಹೊಸದಾಗಿ ಕಲ್ಪಿಸುತ್ತಾರೆ. ಇಂದು ನೆಡುವ ಸಸಿಯು ತಿಂಗಳ ತರುವಾಯ ಯಾವ ಬಣ್ಣಕ್ಕೆ ತಿರುಗುವುದೆಂಬುದನ್ನು ಮುಂಗಾಣಬಲ್ಲ ತೋಟಗಾರನನ್ನು ಕಲಾವಿದನೆನ್ನಲು ನಾನು ಹಿಂಜರಿಯೆನು.

ಒಂದು ವಿಷಯವನ್ನು ಮರೆಮಾಚಲಾಗದು. ಈ ತೋಟವು ಹದಿನಾರನೆಯ ಶತಮಾನದಿಂದ ಅವಿಚ್ಛಿನ್ನವಾಗಿ ಬಂದುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಇಂಗ್ಲಿಷ್ ಮಾದರಿಯ ಉಪವನವಿತ್ತು. 1906ರಲ್ಲಿ ಈ ಸೌಧವನ್ನು ಕೊಂಡ ಸ್ಪೇನ್ ದೇಶದ ವೈದ್ಯವಿಜ್ಞಾನಿ ಹೊವಾಕಿಂ ಕಾರ್ವಾಲೊ, ಅಮೆರಿಕದವಳಾದ ಪತ್ನಿ ಆನ್ ಕೋಲ್ಮನ್ನಳೊಡನೆ, ತನ್ನ ಸಂಶೋಧನೆಯನ್ನೇ ತೊರೆದು ಆ ಉಪವನವನ್ನು ತೆಗೆಸಿ, ನೆಲದಲ್ಲಿ ದೊರೆತ ಕುರುಹುಗಳನ್ನೂ ದ್ಯು ಸೆರ್ಸೋ ಎಂಬ ಪ್ರಾಚೀನ ವಾಸ್ತುಶಿಲ್ಪಿಯ ಕೆತ್ತನೆಚಿತ್ರಗಳನ್ನೂ ಆಧರಿಸಿ ಇದನ್ನು ರಚಿಸಿದನು. ಇದು ಕೇವಲ ಅನುಕರಣವೆಂದು ಮೂಗುಮುರಿಯುವ ಪಂಡಿತರಿಗೆ ನನ್ನ ಉತ್ತರ ಇಷ್ಟೆ: ಉದ್ಯಾನವೆಂಬ ಕಲೆಯಲ್ಲಿ ಮೂಲಪ್ರತಿಯೆಂಬುದು ಉಳಿಯುವುದೇ ಅಪೂರ್ವ; ನೆಟ್ಟದ್ದೆಲ್ಲ ಸಾಯುತ್ತದೆ, ಮತ್ತೆ ನೆಡಬೇಕಾಗುತ್ತದೆ.

ಕಾಲಾವಕಾಶ ಕಡಮೆಯಾಗಿದ್ದವರು ಸೌಧದ ಒಳಕೋಣೆಗಳನ್ನು ಬಿಟ್ಟರೂ ಚಿಂತೆಯಿಲ್ಲ. ಬೇಸಗೆಯ ಬೆಳೆ ತುಂಬಿ ನಿಂತಿರುವ ದಿನಗಳಲ್ಲಿ ಹೋಗಿ, ಮೊದಲು ಜಗಲಿಯನ್ನೇರಿ, ಬಳಿಕ ಪಾತಿಗಳ ನಡುವೆ ಇಳಿದು ನಡೆದು, ಕೊನೆಗೆ ಮತ್ತೊಮ್ಮೆ ಮೇಲೇರಿ ನೋಡಿರಿ.