ಒಂದು ಅಕ್ಕಿಕಾಳು

ಮುದಿ ತಾಯಿಯ ಮೇಲಿನ ಪದ್ಯಗಳಲ್ಲಿ ಕಣ್ಣೀರು ಹೆಚ್ಚು, ಕಣ್ಣು ಕಡಿಮೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಇಂಗ್ಲಿಷಿನಲ್ಲಿ ಬರೆದ ‘ಆಫ್ ಮದರ್ಸ್, ಅಮಂಗ್ ಅದರ್ ಥಿಂಗ್ಸ್’ ಹಾಗಲ್ಲ. 1971ರ ‘ರಿಲೇಷನ್ಸ್’ ಸಂಕಲನದ ಈ ಪದ್ಯಕ್ಕೆ ಶೀರ್ಷಿಕೆಯಲ್ಲೇ ಒಂದು ತುಂಟತನ: ತಾಯಂದಿರು, ಇತ್ಯಾದಿ!

ತಿರುಚಿಕೊಂಡ ಕಪ್ಪು ಮರದಲ್ಲಿ ಮಗನಿಗೆ ಅವಳ ಯೌವನದ ವಾಸನೆ ಬಡಿಯುತ್ತದೆ. ಆಮೇಲೆ ಬರುವುದು ಕೈ. ಅದು ನೆನೆದ ಹದ್ದಿನ ಕಾಲು. ಇಲಿಗೆಂದು ಇಟ್ಟ ಬೋನಿಗೆ ಸಿಕ್ಕಿ ಒಂದು ಉಗುರು ಊನ. ಗುಬ್ಬಿಯಲ್ಲ, ಪಾರಿವಾಳವಲ್ಲ, ಹದ್ದು! ಅವಳ ಹಿಂದಿನ ಗತ್ತು, ಈಗಿನ ಸೋಲು ಎರಡೂ ಆ ಒಂದೇ ಪದದಲ್ಲಿವೆ. ಕವಿ ಅಲ್ಲಿಗೇ ಬಿಡುವುದಿಲ್ಲ. ಮೈಗೆ ಅಂಟದೆ ಜೋಲುವ ಸೀರೆ ಹಳೆಯ ರೆಕ್ಕೆಯ ಸಡಿಲ ಗರಿಯಾಗುತ್ತದೆ. ನಮ್ಮ ಆಲಂಕಾರಿಕರು ಇದನ್ನು ಸಾವಯವ ರೂಪಕ ಎನ್ನುತ್ತಿದ್ದರು. ಅಂಗ ಅಂಗವೂ ಹೊಂದಬೇಕು, ಹೊಂದಿದೆ.

ನನಗೆ ಹೆಚ್ಚು ಇಷ್ಟವಾದದ್ದು ಕೊನೆ. ಮಗನ ನಾಲಗೆ ಒಣಗಿ ಬಾಯಲ್ಲಿ ತೊಗಟೆಯ ರುಚಿ. ಮೊದಲಿನ ಮರ ಸದ್ದಿಲ್ಲದೆ ಮರಳಿದೆ. ಪ್ರೀತಿ, ಮರುಕ ಎಂಬ ಮಾತೇ ಇಲ್ಲ. ತಾಯಿಯ ಉಳಿದ ನಾಲ್ಕು ಬೆರಳು ನಿಧಾನ ಮಡಚಿ, ಅಡುಗೆಮನೆಯ ನೆಲದಿಂದ ಒಂದು ಅಕ್ಕಿಕಾಳನ್ನು ಹೆಕ್ಕುತ್ತವೆ.