ಡೆನ್‌ಹೋಮ್ ಎಲಿಯಟ್: ಪೋಷಕ ನಟನನ್ನು ನೋಡುವ ಬಗೆ

ಸಿನಿಮಾ ನೋಡುವಾಗ ಕಣ್ಣು ನಾಯಕನ ಬೆನ್ನು ಹತ್ತುತ್ತದೆ. ಬೆಳಕು, ಸಂಗೀತ, ಕ್ಯಾಮೆರಾ ಎಲ್ಲವೂ ಅವನ ಕಡೆಗೇ ಇರುವುದರಿಂದ ಅದು ಸಹಜ. ಪೋಷಕ ನಟನ ಕಸುಬನ್ನು ಸವಿಯಬೇಕಾದರೆ ಕಣ್ಣಿಗೆ ಬೇರೆಯದೇ ರೂಢಿ ಮಾಡಿಸಬೇಕು. ಈ ರೂಢಿಗೆ ಇಂಗ್ಲೆಂಡಿನ ಡೆನ್‌ಹೋಮ್ ಎಲಿಯಟ್ (1922–1992) ಒಳ್ಳೆಯ ಗುರು.

ನಮ್ಮ ರಸಶಾಸ್ತ್ರದ ಒಂದು ಮಾತು ಇಲ್ಲಿ ನೆರವಿಗೆ ಬರುತ್ತದೆ. ರತಿ, ಶೋಕ, ಉತ್ಸಾಹದಂಥ ಸ್ಥಾಯಿ ಭಾವಗಳು ಸಾಮಾನ್ಯವಾಗಿ ನಾಯಕನ ಪಾಲು. ಭರತ ಎಣಿಸಿದ 33 ಸಂಚಾರಿ ಭಾವಗಳಲ್ಲಿ ಶಂಕೆ, ದೈನ್ಯ, ಗ್ಲಾನಿ, ವ್ರೀಡೆಗಳಿವೆಯಲ್ಲ, ಅವು ಎಲಿಯಟ್‌ನ ರಾಜ್ಯ. ಬಂದು ಹೋಗುವ ಈ ಭಾವಗಳನ್ನು ಒಂದೆರಡು ನಿಮಿಷದಲ್ಲಿ ಮುಖದ ಮೇಲೆ ತಂದು, ಪಾತ್ರಕ್ಕೆ ಒಂದು ಇಡೀ ಬದುಕಿದೆ ಎಂದು ನಂಬಿಸುವುದೇ ಆತನ ಕಲೆ.

ಎರಡನೇ ಮಹಾಯುದ್ಧದಲ್ಲಿ ರಾಯಲ್ ಏರ್ ಫೋರ್ಸ್ ಸೇರಿದ ಎಲಿಯಟ್, 1942ರಲ್ಲಿ ವಿಮಾನ ಉರುಳಿ ಜರ್ಮನರ ಸೆರೆಯಾದ. ಯುದ್ಧ ಮುಗಿಯುವವರೆಗೂ ಕೈದಿಗಳ ಶಿಬಿರದಲ್ಲಿದ್ದು ಅಲ್ಲಿ ನಾಟಕವಾಡಿದ. 1950ರ ದಶಕದಲ್ಲಿ 'ದಿ ಕ್ರೂಯಲ್ ಸೀ'ಯಂಥ ಚಿತ್ರಗಳಲ್ಲಿ ಸಭ್ಯ ತರುಣನ ಪಾತ್ರಗಳು ಸಿಕ್ಕವು. 1964ರ 'ನಥಿಂಗ್ ಬಟ್ ದಿ ಬೆಸ್ಟ್'ನಲ್ಲಿ ಹಾಳಾದ ಕುಲೀನನಾಗಿ ಬಂದ ಮೇಲೆ ಆತನ ದಾರಿ ತಿರುಗಿತು: ಮರ್ಯಾದೆಯ ಕೋಟು ತೊಟ್ಟು ಒಳಗೊಳಗೇ ಸವೆದ ಮನುಷ್ಯರು ಆತನ ಪಾಲಿಗೆ ಬಂದರು.

ಈಗ ಕಣ್ಣಿಗೆ ಮಾಡಿಸಬೇಕಾದ ರೂಢಿಗೆ ಬರೋಣ. ಮೊದಲು ಕೇಳಿಸಿಕೊಳ್ಳುವ ಮುಖ ನೋಡಿ. 'ಟ್ರೇಡಿಂಗ್ ಪ್ಲೇಸಸ್' (1983) ಚಿತ್ರದಿಂದ ಶುರುಮಾಡಿ. ಎಲಿಯಟ್ ಇಲ್ಲಿ ಕೋಲ್ಮನ್ ಎಂಬ ಬಟ್ಲರ್. ಯಜಮಾನನಿಗೂ ಮೇಲಿನ ಧಣಿಗಳ ಅಪ್ಪಣೆಯಂತೆ, ಮನೆಯ ಯಜಮಾನನೇ ಬಾಗಿಲಿಗೆ ಬಂದು ನಿಂತಾಗ ಅವನನ್ನು ಬಲ್ಲೆನೆಂದು ಹೇಳುವಂತಿಲ್ಲ. ಆ ದೃಶ್ಯದಲ್ಲಿ ಯಜಮಾನನಾಗಿ ಕೂಗಾಡುವ ಡ್ಯಾನ್ ಆಕ್ರಾಯ್ಡ್‌ನನ್ನು ಬಿಟ್ಟು ಬಾಗಿಲ ಒಳಗಿನವನನ್ನು ನೋಡಿ. ದನಿಯಲ್ಲಿ ಸೇವಕನ ಶಿಸ್ತು, ಕಣ್ಣಲ್ಲಿ ಅಳುಕು. ಈ ಅಳುಕಿನಿಂದಲೇ, ಕೊನೆಗೆ ಆತ ಯಜಮಾನನ ಪಕ್ಷಕ್ಕೆ ಸೇರಿದಾಗ ನಮಗೆ ಅಚ್ಚರಿಯಾಗುವುದಿಲ್ಲ.

ಮಾತು ಯಾರಿಗೆ ಬಲ ಕೊಡುತ್ತಿದೆ ಎಂದು ಗಮನಿಸಿ. 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' (1981) ಚಿತ್ರದ ಮಾರ್ಕಸ್ ಬ್ರೋಡಿ ಮ್ಯೂಸಿಯಂ ಅಧಿಕಾರಿ. ಪ್ರಯಾಣಕ್ಕೆ ಸಜ್ಜಾಗುತ್ತಿರುವ ಇಂಡಿಯಾನಾ ಜೋನ್ಸ್‌ಗೆ, ನೀನು ಹುಡುಕಲು ಹೊರಟಿರುವ 'ಆರ್ಕ್' ಎಂಬ ಪೆಟ್ಟಿಗೆ ಹಗುರವಾಗಿ ಎಣಿಸುವ ವಸ್ತುವಲ್ಲ ಎಂದು ಎಚ್ಚರಿಸುತ್ತಾನೆ. ಜೋನ್ಸ್ ನಕ್ಕು ರಿವಾಲ್ವರನ್ನು ಸೂಟ್‌ಕೇಸಿಗೆ ಎಸೆಯುತ್ತಾನೆ. ಎಲಿಯಟ್ ದನಿ ಏರಿಸಿ ಹೆದರಿಸುವುದಿಲ್ಲ. ತಾನೇ ನಿಜವಾಗಿ ಹೆದರಿರುತ್ತಾನೆ. ನಾಯಕನಿಗೆ ಇಲ್ಲದ ಭಯವನ್ನು ಹೀಗೆ ನಮ್ಮೊಳಗೆ ಬಿತ್ತಿದ್ದರಿಂದಲೇ ಕೊನೆಯಲ್ಲಿ ಪೆಟ್ಟಿಗೆ ತೆರೆದಾಗ ಎದೆ ಝಲ್ಲೆನ್ನುತ್ತದೆ.

ಒಂದೇ ಪಾತ್ರದ ಎರಡು ಬಣ್ಣ ಹೋಲಿಸಿ. 1989ರ 'ಲಾಸ್ಟ್ ಕ್ರುಸೇಡ್'ನಲ್ಲಿ ಅದೇ ಬ್ರೋಡಿಗೆ ಹತ್ತಾರು ಭಾಷೆ ಗೊತ್ತು, ಜನರ ನಡುವೆ ಕರಗಿ ಹೋಗಬಲ್ಲ ಎಂದು ಜೋನ್ಸ್ ಕೊಚ್ಚಿಕೊಳ್ಳುತ್ತಾನೆ. ಮರುಕ್ಷಣವೇ ಸಂತೆಯ ಗದ್ದಲದಲ್ಲಿ ಬ್ರೋಡಿ, ಇಂಗ್ಲಿಷ್ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ದಿಕ್ಕುಗೆಟ್ಟು ಕೇಳುತ್ತಿರುತ್ತಾನೆ. ನಾವು ಹೊಟ್ಟೆ ತುಂಬ ನಗುತ್ತೇವೆ. ಎಲಿಯಟ್ ಮಾತ್ರ ನಗಿಸಲು ಹೊರಟವನಂತೆ ಕಾಣುವುದಿಲ್ಲ. ಆ ಗಾಬರಿ ಅಪ್ಪಟ ಗಾಬರಿ.

ನೀಚನ ದಿನಚರಿ ಹುಡುಕಿ. 'ಆಲ್ಫಿ' (1966) ಚಿತ್ರದಲ್ಲಿ ಕದ್ದುಮುಚ್ಚಿ ಗರ್ಭಪಾತ ಮಾಡಿಸುವವನಾಗಿ ಎಲಿಯಟ್ ಬಂದಾಗ ಬ್ರಿಟನ್ನಿನಲ್ಲಿ ಅದು ಅಪರಾಧ. ಕಾನೂನು ಬದಲಾದದ್ದು 1967ರಲ್ಲಿ. ಆತ ರಾಕ್ಷಸನಲ್ಲ. ಇದೇ ಕೆಲಸವನ್ನು ಎಷ್ಟೋ ಮನೆಗಳಲ್ಲಿ ಮಾಡಿ ದಣಿದವನು. ಆ ದಣಿವೇ ನಮ್ಮನ್ನು ನಡುಗಿಸುತ್ತದೆ.

ಇಷ್ಟಾದ ಮೇಲೆ ದೊಡ್ಡ ಊಟಕ್ಕೆ ಕೂರಬಹುದು. 'ಟ್ರೇಡಿಂಗ್ ಪ್ಲೇಸಸ್', 'ಎ ಪ್ರೈವೇಟ್ ಫಂಕ್ಷನ್', 'ಡಿಫೆನ್ಸ್ ಆಫ್ ದಿ ರೆಲ್ಮ್': ಈ ಮೂರಕ್ಕೂ ಸಾಲಾಗಿ ಮೂರು ವರ್ಷ ಪೋಷಕ ನಟನ ಬಾಫ್ಟಾ ಪ್ರಶಸ್ತಿ ಬಂತು. ಬಟ್ಲರ್, ಅಹಂಕಾರದ ಡಾಕ್ಟರ್, ಕುಡುಕ ಪತ್ರಕರ್ತ. ಒಬ್ಬನ ನಡಿಗೆ ಇನ್ನೊಬ್ಬನಿಗಿಲ್ಲ. ಮುಂಬಯಿಯಲ್ಲಿ ಹುಟ್ಟಿದ ಇಸ್ಮಾಯಿಲ್ ಮರ್ಚೆಂಟ್ ನಿರ್ಮಿಸಿದ 'ಎ ರೂಮ್ ವಿತ್ ಎ ವ್ಯೂ' (1985) ಆಸ್ಕರ್ ನಾಮನಿರ್ದೇಶನ ತಂದಿತು. ಫ್ಲಾರೆನ್ಸಿನ ಊಟದ ಮೇಜಿನಲ್ಲಿ ಅಪರಿಚಿತ ಹೆಂಗಸರಿಗೆ ತನ್ನ ಕೋಣೆ ಬಿಟ್ಟುಕೊಡಲು ಹಟ ಹಿಡಿಯುವ ಮುದುಕ ಎಮರ್ಸನ್‌ನ ಪಾತ್ರವದು. ಶಿಷ್ಟಾಚಾರದ ಗೋಡೆಗಳ ನಡುವೆ ಆತನ ಬಿಚ್ಚು ಮನಸ್ಸು ಒರಟಾಗಿಯೂ ಕಾಣುತ್ತದೆ, ಪ್ರೀತಿಯನ್ನೂ ಹುಟ್ಟಿಸುತ್ತದೆ.

ಪ್ರತಿ ಚಿತ್ರವನ್ನೂ ಎರಡು ಸಲ ನೋಡಿ: ಮೊದಲು ಕಥೆಗಾಗಿ, ಆಮೇಲೆ ಎಲಿಯಟ್‌ಗಾಗಿ. ಆತ ಬಂದಾಗಲೆಲ್ಲ ಈ ಮನುಷ್ಯ ಯಾವ ಕೆಲಸ ಬಿಟ್ಟು ಎದ್ದು ಬಂದ, ಇಲ್ಲಿಂದ ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿಕೊಳ್ಳಿ. ಚಿತ್ರಕಥೆ ಹೇಳದ ಉತ್ತರ ಆತನ ಮುಖದಲ್ಲಿ ಸಿಗುತ್ತದೆ. ಯಾವ ಭಾಷೆಯ ಪೋಷಕ ನಟರನ್ನಾದರೂ ಅಳೆಯಲು ಈ ಪ್ರಶ್ನೆ ಸಾಕು.